ಬೋರಲು ಹಾಕಿದ ಲೋಟ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೆಲಮಹಡಿಯ ಮನೆಯೊಂದರ ಹೊಸ್ತಿಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಾರೆ. ಕಾಲಿಗೆ ಮೊಣಕಾಲುದ್ದದ ಬೂಟು, ಮೊಣಕೈವರೆಗೆ ರಬ್ಬರ್ ಕೈಗವಸು, ಕಣ್ಣಿಗೆ ದಪ್ಪ ಕನ್ನಡಕ, ಬಾಯಿಗೆ ಮಾಸ್ಕು. ಗೆರೆಯ ಆಚೆ, ಬಚ್ಚಲ ತೂತಿನಿಂದ ಉಕ್ಕಿಬಂದ ಕೊಳಚೆ ಪಾದ ಮುಳುಗುವಷ್ಟು ನಿಂತಿದೆ. ಈಚೆ, ಎಂಟು ತಿಂಗಳ ಮೊಮ್ಮಗುವನ್ನು ಸೊಂಟಕ್ಕೇರಿಸಿಕೊಂಡ ಅಜ್ಜಿ ಮೂಗು ಮುಚ್ಚಿಕೊಂಡು ನಿಂತಿದ್ದಾರೆ.

"ನಾನು ಅಳಿಸೋವರೆಗೂ ಈ ಗೆರೆ ಯಾರೂ ದಾಟಬೇಡಿ. ಮೇಲಿನ ಮನೆಯವರಿಗೂ ಹೇಳಿ, ಕಟ್ಟಿಕೊಂಡಿರೋ ಪೈಪು ಬಿಡಿಸೋ ತನಕ ನೀರು ಬಿಡೋದು ಬೇಡ. ಅವರು ಸ್ನಾನ ಮಾಡಿದ್ರೆ ನಾನಿಲ್ಲಿ ಈಜಬೇಕಾಗುತ್ತೆ."

ಬಡಾವಣೆಯವರು ಇವರನ್ನು ಕರೆಯುವುದು ಲೋಟದಕ್ಕ ಎಂದು. ಹೊರಗೆ ಪ್ಲಂಬರ್ ಪೈಪು ಬಿಡಿಸಿ ಕೈ ತೊಳೆದುಕೊಂಡು ಹೊರಟ ಮೇಲೆ ಇವರ ಪಾಳಿ. ಇಪ್ಪತ್ತು ವರ್ಷದಿಂದ ಇದೇ. ವಾರಕ್ಕೆ ಮೂರು ಮನೆ, ಮನೆಗೆ ನಲವತ್ತು ಬಕೆಟ್. ಸೊಂಟ ಯಾವತ್ತೋ ಕೈಕೊಟ್ಟಿದೆ. ಆದರೂ ಕೆಲಸ ನಡೆಯಲೇಬೇಕು, ನೆಲಕ್ಕೆ ಕಲ್ಲು ಹಾಸುತ್ತಿದ್ದ ಗಂಡ ಮಂಡಿ ಸವೆದು ಮನೆ ಹಿಡಿದಿದ್ದಾರೆ.

ಮೊದಲು ಕರೆಂಟಿನ ಮೇನ್ ಆಫ್, ಕಿಟಕಿಗಳೆಲ್ಲ ಓಪನ್. ಕೊಳಚೆ ಬಾಚಿ ತೆಗೆದ ಮೇಲೆ ಹಾಸಿಗೆ, ಜಮಖಾನ, ಮಗುವಿನ ಬಟ್ಟೆಗೊಂಬೆ ಎಲ್ಲ ಕಸದ ಚೀಲ ಸೇರುತ್ತವೆ. ಹಾಸಿಗೆಗಾಗಿ ಅಜ್ಜಿ ರಂಪ ಮಾಡುತ್ತಾರೆ. ಲೋಟದಕ್ಕ ಚೀಲದ ಬಾಯಿ ಬಿಗಿಯುತ್ತಾರೆ. ಆಮೇಲೆ ಸೋಪುನೀರು, ಅದಾದ ಮೇಲೆ ಬ್ಲೀಚಿಂಗ್ ಪುಡಿಯ ನೀರು. ಅಷ್ಟರಲ್ಲಿ ಅಜ್ಜಿ ಆಸಿಡ್ ಬಾಟಲಿ ಚಾಚುತ್ತಾರೆ.

"ಇದನ್ನೂ ಒಂಚೂರು ಸುರಿ, ಕೊಳೆ ಕಿತ್ಕೊಂಡು ಹೋಗುತ್ತೆ."

"ಕೊಳೆ ಜೊತೆ ನಾನೂ ಹೋಗ್ತೀನಮ್ಮಾ! ಎರಡೂ ಸೇರಿದ್ರೆ ಬರೋ ಹೊಗೆ ಉಸಿರು ಕಟ್ಟಿಸುತ್ತೆ. ಮುಚ್ಚಳ ಹಾಕಿ ದೂರ ಇಡಿ."

ಮಧ್ಯಾಹ್ನದ ಹೊತ್ತಿಗೆ ನೆಲ ಫಳಫಳ ಎನ್ನುತ್ತಿದೆ. ಅಜ್ಜಿಯ ಒಂದು ಕಾಲು ಆಗಲೇ ಗೆರೆಯ ಹತ್ತಿರ. ಆಸರೆ ಪಡೆದ ಪಕ್ಕದ ಮನೆಯಲ್ಲಿ ಮಗು ನಿದ್ದೆ ಮಾಡುತ್ತಿಲ್ಲ, ಕೆಳಗೆ ಬಿಟ್ಟರೆ ಅಂಬೆಗಾಲಿಟ್ಟು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. "ಇಷ್ಟು ಹೊಳೀತಿದೆ, ಇನ್ನೇನು ಕಾಯೋದು?"

ಲೋಟದಕ್ಕ ಅಜ್ಜಿಯ ಮನೆಯದೇ ಒಂದು ಗಾಜಿನ ಲೋಟ ಕೇಳಿ ಪಡೆದು, ಕೋಣೆಯ ನಡುವೆ ಬೋರಲು ಹಾಕಿ, ಅಂಚಿಗೆ ಟೇಪು ಸುತ್ತುತ್ತಾರೆ. ಬೆಳಗ್ಗೆ ಲೋಟದೊಳಗೆ ಮಂಜು ಕಟ್ಟಿದ್ದರೆ ನೆಲದಡಿ ಇನ್ನೂ ತೇವ ಇದೆ ಎಂದರ್ಥ. ಇದು ಗಂಡ ಕಲಿಸಿದ ಉಪಾಯ. ಕಲಿತದ್ದು ತಡವಾಯಿತು ಎಂಬ ಕೊರಗು ಮಾತ್ರ ಇವರನ್ನು ಬಿಟ್ಟಿಲ್ಲ.

ಒಂಬತ್ತು ವರ್ಷದ ಹಿಂದೆ, ಇಂಥದ್ದೇ ಒಂದು ಮನೆಯವರ ಕಾಟ ತಾಳಲಾರದೆ, ಬರೀ ಅಂಗೈ ಇಟ್ಟು ನೋಡಿ ಗೆರೆ ಅಳಿಸಿಬಿಟ್ಟಿದ್ದರು. ಅವರು ಅವತ್ತೇ ಜಮಖಾನ ಹಾಸಿದರು. ಅಡಿಯಲ್ಲಿ ಬೂಷ್ಟು ಹಿಡಿಯಿತು. ಆ ಮನೆಯ ಕೂಸು ಉಬ್ಬಸ ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿತ್ತು.

"ಮಗು ಉಳೀತು. ಯಾರೂ ನನ್ನ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುವಾಗ ಲೋಟದಕ್ಕ ಕೈಗವಸನ್ನು ಒಳಹೊರಗು ಮಾಡಿ ಬಿಚ್ಚುತ್ತಿದ್ದಾರೆ. ಮುಖದಲ್ಲಿ ಮಾಸ್ಕಿನ ಗುರುತು ಕೆಂಪಗೆ ಕೂತಿದೆ.

ಮರುದಿನ ಬೆಳಗ್ಗೆ ಲೋಟ ಬೆಳ್ಳಗೆ ಮಬ್ಬಾಗಿದೆ. ಅಜ್ಜಿ ಗೊಣಗುತ್ತಾರೆ, ಬೇರೆಯವರನ್ನು ಕರೆಸುತ್ತೇನೆ ಎನ್ನುತ್ತಾರೆ. "ಕರೆಸಿ. ಆದ್ರೆ ಮಗೂನ ಕೆಳಗೆ ಬಿಡಬೇಡಿ," ಎಂದಷ್ಟೇ ಹೇಳಿ ಲೋಟದಕ್ಕ ಫ್ಯಾನು ತಿರುಗಿಸಿಟ್ಟು, ಒದ್ದೆಯಿರುವ ಗೋಡೆಯ ಬುಡ ಮತ್ತೊಮ್ಮೆ ಒರೆಸುತ್ತಾರೆ. ಲೋಟ ಒಣಗಿಸಿ ಮತ್ತೆ ಬೋರಲು ಹಾಕುತ್ತಾರೆ.

ಮೂರನೆಯ ದಿನ ಗಾಜು ನಿಚ್ಚಳವಾಗಿದೆ. ಲೋಟದಕ್ಕ ಎರಡೆರಡು ಸಲ ಬಗ್ಗಿ ನೋಡಿ, ಒದ್ದೆ ಬಟ್ಟೆಯಿಂದ ಗೆರೆ ಅಳಿಸುತ್ತಾರೆ. ಅಜ್ಜಿ ಮಗುವನ್ನು ಕೆಳಗಿಳಿಸುತ್ತಾರೆ. ಅದು ದಡದಡ ಅಂಬೆಗಾಲಿಟ್ಟು ಕೋಣೆಯ ನಡುವೆ ಕೂತು, ನೆಲಕ್ಕೆ ಬಡಿದ ಅಂಗೈಯನ್ನು ಬಾಯಿಗಿಟ್ಟುಕೊಳ್ಳುತ್ತದೆ. ಅಜ್ಜಿಯ ಕಣ್ಣು ತುಂಬಿ ಬರುತ್ತದೆ. ಆಮೇಲೆ ಅವರ ದೃಷ್ಟಿ ಲೋಟದ ಮೇಲೆ ಬೀಳುತ್ತದೆ.

"ಅದನ್ನ ನೀನೇ ತಗೊಂಡ್ಹೋಗಮ್ಮ. ನಾವು ಇನ್ನು ಬಳಸಲ್ಲ."

ಲೋಟದಕ್ಕ ಅದನ್ನು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಅವರ ಮನೆಯ ಗೂಡಿನಲ್ಲಿ ಇಂಥ ಲೋಟಗಳು ಸಾಲಾಗಿವೆ, ಒಂದರ ಹಾಗೆ ಇನ್ನೊಂದಿಲ್ಲ. "ನಮ್ಮನೇಲಿ ಎಲ್ಲಕ್ಕೂ ಬರ, ಲೋಟಕ್ಕಿಲ್ಲ," ಎಂದು ಬೀದಿಯ ತಿರುವಿನಲ್ಲಿ ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಏನಾದರೂ ಆಸೆ ಇದೆಯೇ ಎಂದರೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಾರೆ.

"ಮಗು ಬಾಯಿಗಿಟ್ಕೊಳ್ಳೋ ಹಾಗೆ ನೆಲ ಮಾಡಿಕೊಟ್ಟಿದ್ದೀನಿ. ಯಾರಾದ್ರೂ ಒಬ್ಬರು ಆ ಲೋಟ ತೊಳೆದು, ನೀರು ತುಂಬಿಸಿ, ಒಳಗೆ ಕೂತು ಕುಡಿ ಅನ್ನಲಿ. ಅಷ್ಟೇ."