ವಾಲಿದ ದಾರಂದ

ಕೋಟದ ಪ್ರೇಮಾನಂದನ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಳ್ಳುವುದೆಂದರೆ ಬೈಸಿಕೊಳ್ಳುವುದೆಂದೇ ಅರ್ಥ. "ಹ್ವಾಯ್, ತಲೆ ನೆಟ್ಟಗ್ ಮಾಡಿ! ಎಂತ, ಕುತ್ತಿಗೆಗ್ ಕೀಲಿಲ್ಯಾ?" ಮದುಮಗನಿರಲಿ, ಹೆಡ್‌ಮಾಸ್ತರರಿರಲಿ, ಯಾರನ್ನೂ ಬಿಟ್ಟವನಲ್ಲ. ಬಿಟ್ಟದ್ದು ಒಬ್ಬಳನ್ನೇ, 1997ರಲ್ಲಿ ಹುಟ್ಟಿದ ಮಗಳು ಪ್ರಜ್ಞಾಳನ್ನು. ಅವಳ ಕುತ್ತಿಗೆ ಹುಟ್ಟಿನಿಂದಲೇ ಎಡಕ್ಕೆ ವಾಲಿತ್ತು.

"ಎಣ್ಣಿ ತಿಕ್ಕಿರೆ ಸಮಾ ಆತ್ತ್" ಎಂದರು ಹಿರಿಯರು. ಹೆಂಡತಿ ಸುಗುಣ ತಿಕ್ಕಿದ್ದೇ ತಿಕ್ಕಿದ್ದು. ಪ್ರೇಮಾನಂದ ಹಿಡಿದ ದಾರಿಯೇ ಬೇರೆ. ಪ್ರತಿ ಹುಟ್ಟುಹಬ್ಬಕ್ಕೂ ಮಗಳನ್ನು ಸ್ಟುಡಿಯೋದ ಬಾಗಿಲ ಚೌಕಟ್ಟಿಗೆ, ಆ ಊರಿನ ಮಾತಿನಲ್ಲಿ ದಾರಂದಕ್ಕೆ, ಒರಗಿಸಿ ನಿಲ್ಲಿಸುವುದು, ಅವಳ ತಲೆ ಎಷ್ಟು ವಾಲಿದೆಯೋ ಕ್ಯಾಮೆರಾವನ್ನೂ ಅಷ್ಟೇ ವಾಲಿಸಿ ಕ್ಲಿಕ್ಕಿಸುವುದು. ಪ್ರಿಂಟು ಬಂದ ಮೇಲೆ ಮುಖವಷ್ಟೇ ಉಳಿಸಿ ಸುತ್ತಲೂ ಕತ್ತರಿ ಆಡಿಸಿಬಿಡುವುದು. ಆಲ್ಬಮ್ಮಿನಲ್ಲಿ ಕೂಸು ನೆಟ್ಟಗೆಂದರೆ ನೆಟ್ಟಗೆ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತೀರಾ? ಅನ್ನಿ. ಯಾರೂ ಮಗಳತ್ತ ಬೆಟ್ಟು ಮಾಡಬಾರದು, ಅವನಿಗೆ ಬೇಕಾದದ್ದು ಅಷ್ಟೆ.

2005ರಲ್ಲಿ ಶಾಲೆಯ ಟೀಚರ್ ಬೆನ್ನುಬಿದ್ದ ಮೇಲೆ ಮಂಗಳೂರಿನ ಒಂದು ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. "ಕುತ್ತಿಗೆಯ ಒಂದು ಮೂಳೆ ಅರ್ಧವೇ ಬೆಳೆದಿದೆ. ಬೆಣೆ ಹೊಡೆದ ಹಾಗೆ ಒಂದು ಪಕ್ಕ ಕೂತಿದೆ. ಎಣ್ಣೆಗೆ ಬಗ್ಗುವುದಲ್ಲ ಇದು. ವಾಲುವುದು ವರ್ಷವರ್ಷ ಹೆಚ್ಚುತ್ತಿದ್ದರೆ ಈಗಲೇ ಆಪರೇಷನ್ ಮಾಡಬೇಕು, ನಿಂತಿದ್ದರೆ ಕಾಯಬಹುದು. ನರ ಅಲ್ಲೇ ಇದೆ, ಕೈಕಾಲು ಬಿದ್ದುಹೋಗುವ ಅಪಾಯವೂ ಇದೆ. ಸುಮ್ಮಸುಮ್ಮನೆ ಕೈ ಹಾಕುವ ಹಾಗಿಲ್ಲ. ಹಳೇ ಎಕ್ಸ್‌ರೇ ಇಲ್ಲವಾದರೆ ಫೋಟೋಗಳಾದರೂ ಇವೆಯೇ?"

ಸುಗುಣ ಚೀಲದಿಂದ ಆಲ್ಬಮ್ ತೆಗೆದುಕೊಟ್ಟಳು. ಡಾಕ್ಟರಮ್ಮ ಒಮ್ಮೆ ಫೋಟೋ ನೋಡಿದರು, ಒಮ್ಮೆ ಮಗುವನ್ನು ನೋಡಿದರು. "ಇದರಲ್ಲಿ ನೆಟ್ಟಗಿದ್ದಾಳಲ್ಲ!"

ಪ್ರೇಮಾನಂದ ಆಲ್ಬಮ್ ಮುಚ್ಚಿದ. "ಅದ್ ನಾನ್ ಮಾಡಿದ್ದ್ ಮೇಡಂ. ನೆಗೆಟಿವ್ ಇತ್ತ್. ನಾಳೆ ತತ್ತೆ."

ಕುಂದಾಪುರದ ಲ್ಯಾಬಿನಲ್ಲಿ ಕೂತು ಏಳು ವರ್ಷದ ಏಳೂ ಫೋಟೋಗಳನ್ನು ಮತ್ತೆ ಪ್ರಿಂಟು ಹಾಕಿಸಿದ. ಈ ಸಲ ಕತ್ತರಿ ಮುಟ್ಟಲಿಲ್ಲ. ಮರುದಿನ ಅವನ್ನು ಡಾಕ್ಟರಮ್ಮನ ಮೇಜಿನ ಮೇಲೆ ಸಾಲಾಗಿ ಇಟ್ಟ. ಎಲ್ಲದರಲ್ಲೂ ಮಗಳ ಮುಖ ನೆಟ್ಟಗೆ, ವಾಲಿದ್ದು ಹಿಂದಿನ ದಾರಂದ. ಮೊದಲನೆಯದರಲ್ಲಿ ಒಂಚೂರು, ನಾಲ್ಕನೆಯದರಲ್ಲಿ ಇನ್ನಷ್ಟು, ಏಳನೆಯದರಲ್ಲಿ ಈಗ ಬಿದ್ದೀತು ಎಂಬಂತೆ. ಆ ಏಳನೆಯದನ್ನು ದಾರಂದ ನೆಟ್ಟಗಾಗುವವರೆಗೆ ಅವನೇ ತಿರುಗಿಸಿದ. ಈಗ ವಾಲಿದ್ದು ಮಗಳ ತಲೆ.

"ವರ್ಷ ವರ್ಷ ಅಳತಿ ಮಾಡಿದ್ದ್ ನಾನೇ" ಎಂದವನಿಗೆ ಅಳು ಉಕ್ಕಿ ಬಂತು. "ಕಂಡದ್ದ್ ಮಾತ್ರ ಇಲ್ಲ."

"ಅಳೆದಿಟ್ಟಿರಲ್ಲ, ಅದೇ ಉಪಕಾರವಾಯಿತು. ಹೆಚ್ಚುತ್ತಿದೆ, ತಡ ಮಾಡುವುದು ಬೇಡ" ಎಂದರು ಡಾಕ್ಟರಮ್ಮ.

ಎಂಟು ಗಂಟೆಯ ಆಪರೇಷನ್. ಅರ್ಧ ಮೂಳೆ ತೆಗೆದು, ಮೇಲಿನದನ್ನೂ ಕೆಳಗಿನದನ್ನೂ ಸ್ಕ್ರೂ ಹಾಕಿ ಕೂಡಿಸಿದರು. ಎಚ್ಚರವಾದ ಮಗಳಿಗೆ "ಬೆರಳು ಅಲ್ಲಾಡಿಸು ಪುಟ್ಟಾ" ಎಂದು ಡಾಕ್ಟರಮ್ಮ ಹೇಳಿದಾಗ ಗಂಡಹೆಂಡತಿ ಇಬ್ಬರೂ ಹಾಸಿಗೆಯತ್ತ ಬಗ್ಗಿದರು. ಕೈಯದೂ ಅಲ್ಲಾಡಿತು, ಕಾಲಿನದೂ ಅಲ್ಲಾಡಿತು. ಅಬ್ಬಾ! ಮುಂದೆ ಮೂರು ತಿಂಗಳು ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಇದ್ದಳು.

ಎಂಟನೇ ಹುಟ್ಟುಹಬ್ಬಕ್ಕೆ ಮತ್ತೆ ಅದೇ ಬಾಗಿಲು. ಪ್ರೇಮಾನಂದ ಕ್ಯಾಮೆರಾಕ್ಕೆ ಕಣ್ಣಿಟ್ಟ. ಅಭ್ಯಾಸಬಲ, ಕೈ ತಾನಾಗಿಯೇ ವಾಲಿತು.

"ಅಪ್ಪಯ್ಯ, ಕ್ಯಾಮ್ರ ನೆಟ್ಟಗ್ ಹಿಡಿ! ಎಂತ, ಕೈಗ್ ಕೀಲಿಲ್ಯಾ?"

ಆ ಫೋಟೋ ದಾರಂದ ಸಮೇತ ಸ್ಟುಡಿಯೋದ ಗೋಡೆಯಲ್ಲಿದೆ. ಹುಡುಗಿಯ ತಲೆ ಇನ್ನೂ ಒಂದೆಳೆ ವಾಲಿದೆಯಲ್ಲ ಎಂದು ಯಾರಾದರೂ ಕೇಳಿದರೆ, "ಹೌದ್, ವಾಲಿತ್ತ್. ಅದ್ಕೆಂತ?" ಎನ್ನುತ್ತಾನೆ.