ಗಂಡನ ಪಾಲಿನ ಉಪವಾಸ

ಔರಾದಿನ ಅನಸೂಯಾಬಾಯಿಗೆ ಭಾಲ್ಕಿ ತವರು. ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಆಕೆ ಗಂಡನ ಆಯುಷ್ಯಕ್ಕೆಂದು ಹಿಡಿದ ಉಪವಾಸಗಳನ್ನು ಒಟ್ಟುಗೂಡಿಸಿದರೆ ಎಂಟೊಂಬತ್ತು ವರ್ಷವಾದೀತು. ಸೋಮವಾರ, ಚೌತಿ, ಏಕಾದಶಿ, ಒಂದನ್ನೂ ಬಿಟ್ಟವಳಲ್ಲ. ಗಂಡ ನಾರಾಯಣರಾವ್, ನಿವೃತ್ತ ಮಾಸ್ತರರು, ಅವುಗಳ ಫಲವನ್ನಷ್ಟೇ ಉಂಡವರು. ಹೆಂಡತಿಯ ಉಪವಾಸದ ದಿನ ಅವರಿಗೆ ಎರಡು ರೊಟ್ಟಿ ಹೆಚ್ಚೇ ಇಳಿಯುತ್ತಿತ್ತು. ಮನೆಯೆಂದ ಮೇಲೆ ಕೆಲಸ ಹಂಚಿಕೊಳ್ಳಬೇಕಲ್ಲ!

ಕಳೆದ ಶ್ರಾವಣದಲ್ಲಿ ಮಾಸ್ತರರ ಹೊಟ್ಟೆ ಉಬ್ಬಿತು, ಕಾಲು ಬಾತುಕೊಂಡವು. ಭಾಲ್ಕಿಯ ಡಾಕ್ಟರು ಒತ್ತಿ ನೋಡಿ, "ಲಿವರಿಗೆ ರಕ್ತ ಒಯ್ಯೋ ನರ ಕಟ್ಟೇದೇನೋ ನೋಡ್ಬೇಕ್ರಿ. ಬೀದರಿಗೆ ಹೋಗಿ ಡಾಪ್ಲರ್ ಸ್ಕ್ಯಾನ್ ಮಾಡಸ್ರಿ. ಉಪವಾಸ ಇರಬೇಕು ಮತ್ತ" ಎಂದರು. ಕಟ್ಟಿದ್ದರೆ ಮುಂದೇನು ಎಂದು ಅನಸೂಯಾಬಾಯಿ ಕೇಳಿದಳು. ಡಾಕ್ಟರು "ಮೊದಲ ನೋಡೂಣ್ರಿ" ಎಂದು ಚೀಟಿ ಬರೆದರು. ಆಕೆ ಆ ಚೀಟಿಯನ್ನು ದೇವರ ಮುಂದಿಟ್ಟು ಕೈಮುಗಿದಳು.

ಉಪವಾಸವೆಂದರೆ ಯಾರ ಪಾಲಿನದೆಂದು ಆ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಬೀದರಿಗೆ ಹೊರಡುವ ಹಿಂದಿನ ಸಂಜೆಯಿಂದಲೇ ಆಕೆ ಹನಿ ನೀರೂ ಮುಟ್ಟಲಿಲ್ಲ. ಬೀದರಿನಲ್ಲಿ ಬಸ್ಸಿಳಿದೊಡನೆ ಮಾಸ್ತರರಿಗೆ ಪೂರಿ ಕೊಡಿಸಿದಳು. ರೋಗಿ ಸೊರಗಬಾರದಲ್ಲ.

ಸ್ಕ್ಯಾನಿಂಗ್ ಸೆಂಟರಿನ ಬಾಗಿಲಲ್ಲಿ ಚೀಟಿ ನೋಡುವ ಹುಡುಗಿ ಜೇಬಾ, "ಉಪವಾಸ ಆಗ್ಯಾದೇನ್ರಿ?" ಎಂದಳು.

"ಆಗ್ಯಾದವ್ವಾ, ಖಡಕ್ ಉಪವಾಸ" ಎಂದಳು ಅನಸೂಯಾಬಾಯಿ ಹೆಮ್ಮೆಯಿಂದ.

ಒಳಗೆ ಡಾಕ್ಟರ್ ಅಶ್ವಜಿತ ಅವರು ಮಾಸ್ತರರ ಹೊಟ್ಟೆಗೆ ಜೆಲ್ ಸವರಿ ಯಂತ್ರ ಆಡಿಸಿದರು. ಅತ್ತ ಒತ್ತಿದರು, ಇತ್ತ ಒತ್ತಿದರು. "ಬರೇ ಗ್ಯಾಸ್ ಕಾಣ್ತದ, ನರ ಕಾಣವಲ್ದು. ಏನ್ ತಿಂದೀರಿ?"

"ಹೆಚ್ಚೇನಿಲ್ರಿ. ನಾಕು ಪೂರಿ, ಚಹಾ."

"ಉಪವಾಸ ಅಂದ್ರಲ್ರಿ!"

"ಅದು ಇಕೀದ್ರಿ" ಎಂದರು ಮಾಸ್ತರರು.

ಡಾಕ್ಟರು ಹಣೆ ಹಣೆ ಬಡಿದುಕೊಂಡರು. "ಬಾಯಿ, ನೀವು ನೀರು ಬಿಟ್ರ ಇವರ ಹೊಟ್ಟಿ ಹ್ಯಾಂಗ ಖಾಲಿ ಆಗ್ತದ್ರಿ? ನಾಳಿ ಅವರು ಉಪವಾಸ ಇರ್ಲಿ, ನೀವು ಉಂಡು ಬರ್ರಿ."

ಆ ರಾತ್ರಿ ಅಲ್ಲೇ ಬೀದರಿನ ಚಿದ್ರಿಯಲ್ಲಿದ್ದ ಅನಸೂಯಾಬಾಯಿಯ ತಂಗಿ ಮುಕ್ತಾಳ ಮನೆಯಲ್ಲಿ ಉಳಿದರು. ಬೆಳಗಾದದ್ದೇ ಮಾಸ್ತರರ ಗೋಳು ಸುರುವಾಯಿತು. "ಕಣ್ಣಿಗಿ ಕತ್ತಲ ಬರ್ಲಿಕತ್ತದ, ಒಂದು ಬಿಸ್ಕಿಟರ ಕೊಡ." ಅನಸೂಯಾಬಾಯಿ ಕಿವಿ ಮುಚ್ಚಿಕೊಂಡು ಅವರನ್ನು ಎಳೆದೊಯ್ದಳು.

ಈ ಸಲ ಪರದೆಯ ಮೇಲೆ ಕೆಂಪು ಬಣ್ಣ ಹರಿಯಿತು, ಯಂತ್ರದಿಂದ ಸುಂಯ್ ಎಂಬ ಸದ್ದು ಬಂತು. "ರಕ್ತ ಚೊಲೋ ಹರೀಲಿಕತ್ತದ್ರಿ. ನರ ಕಟ್ಟಿಲ್ಲ. ಗುಳಿಗಿ ಮ್ಯಾಲ ಆರಾಮಾಗ್ತದ." ಅನಸೂಯಾಬಾಯಿ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು.

ಹೊರಗೆ ಬಂದು ಮಾಸ್ತರರು ಗೆಳೆಯನೊಬ್ಬನಿಗೆ ಫೋನ್ ಹಚ್ಚಿದರು. "ಒಂದೇ ದಿನ ಉಪವಾಸ ಮಾಡಿದ್ನಿ, ಫಲ ಸಿಕ್ತು ನೋಡು!" ಕಮಲನಗರದ ಅಳಿಯನಿಗೂ ಅದೇ ಮಾತು. ಮೂರನೆಯ ಫೋನಿಗೆ ಆಕೆಯ ಕಣ್ಣೀರು ಆರಿತು. ಇಷ್ಟು ವರ್ಷದ ಹಸಿವೆಲ್ಲ ಒಮ್ಮೆಲೇ ಎದ್ದಂತಾಗಿ ಸಿಟ್ಟು ನೆತ್ತಿಗೇರಿತು.

"ನಿಮ್ಮ ಉಪವಾಸಕ್ಕ ಇಷ್ಟು ತಾಕತ್ತು ಅದ ಅಂದ್ರ ಇನ್ನ ಮ್ಯಾಲ ನೀವೇ ಮಾಡ್ರಿ. ನಾಳಿ ಏಕಾದಶಿ ಅದ. ನಾ ಉಣ್ತೇನಿ."

ಮಾಸ್ತರರು ನಕ್ಕರು. ಆಕೆ ನಗಲಿಲ್ಲ. ಮರುದಿನ ಔರಾದಿನ ಮನೆಯಲ್ಲಿ ರೊಟ್ಟಿ ಬಡಿದು, ಬದನೆಕಾಯಿ ಪಲ್ಯ ಮಾಡಿ, ಒಂದೇ ತಾಟು ಇಟ್ಟಳು. ಅದರ ಮುಂದೆ ತಾನೇ ಕೂತಳು.