ದೇವಿಯ ಎಡಹೆಗಲಿನ ಹೂವು

ಆ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಎಲ್ಲವೂ ಎಂದಿನ ಹಾಗೇ ಶುರುವಾಯಿತು. ನಮ್ಮ ಯಜಮಾನರಿಗೆ ಆಗ ನರಸಿಂಹರಾಜಪುರದಲ್ಲಿ ಕೆಲಸ. ಕೊಪ್ಪದಿಂದ ಬೆಳಗಿನ ಬಸ್ಸಿಗೇ ಹೋಗಬೇಕು. ಅವರ ಡಬ್ಬಿಗೆ ಚಿತ್ರಾನ್ನ ತುಂಬಿ ಕಳಿಸಿ, ದೋಸೆ ಕಾವಲಿ ಇಟ್ಟೆ. ಅತ್ತೆ ತುಳಸಿಗೆ ನೀರು ಹಾಕಿ ಬಂದು, ಹಸಿ ಕೂದಲಿಗೆ ಬಟ್ಟೆ ಸುತ್ತಿಕೊಂಡು ದೇವರ ಮುಂದೆ ಕೂತರು. ನನ್ನ ನಾದಿನಿ ಸುಮಾ ಮಾತ್ರ ತಿಂಡಿಗೆ ಬರಲಿಲ್ಲ. ಸಿಂಕಿನ ಮುಂದೆ ನಿಂತು, ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಂಥದ್ದನ್ನೆಲ್ಲ ನಂಬುವವಳಾಗಿರಲಿಲ್ಲ. ಓದಿದ್ದು ಕಾನ್ವೆಂಟಿನಲ್ಲಿ. ವಿಜ್ಞಾನ ಕಲಿಸುತ್ತಿದ್ದ ಸಿಸ್ಟರ್ ಏನೇ ನಡೆದರೂ ‘ಯಾಕೆ?’ ಎಂದು ಕೇಳಿಕೊಳ್ಳಲು ಹೇಳಿಕೊಟ್ಟಿದ್ದರು. ಮದುವೆಯಾಗಿ ಈ ಕಡೆಗೆ ಬಂದ ಮೇಲೆ ದೇವಸ್ಥಾನಕ್ಕೆ ಹೋಗುತ್ತಿದ್ದೆ, ಕೈಮುಗಿಯುತ್ತಿದ್ದೆ. ಆದರೆ ಜನ ಪ್ರಸಾದ ಕೇಳುವುದನ್ನು ಕಂಡರೆ ಒಳಗೊಳಗೇ ನಗು ಬರುತ್ತಿತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಭಟ್ಟರು ನೀರಲ್ಲಿ ಅದ್ದಿದ ಎರಡು ಹೂವನ್ನು ದೇವಿಯ ಎರಡು ಹೆಗಲಿಗೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಬಹುದು ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಜಮೀನು ಕೊಳ್ಳಲಿ, ಆಪರೇಷನ್ ಮಾಡಿಸಲಿ, ಹೆಣ್ಣು ಕೊಡಲಿ, ಹೀಗೆ ಕೇಳದೆ ಹೆಜ್ಜೆ ಇಡದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ಅವತ್ತು ನಾವು ಕೇಳಲು ಹೊರಟಿದ್ದು ಸುಮಾಳ ಮದುವೆಯ ವಿಷಯ. ಶೃಂಗೇರಿ ಕಡೆಯ ಸಂಬಂಧ. ಜಾತಕ ಕೂಡಿತ್ತು, ಮನೆ ಅನುಕೂಲವಾಗಿತ್ತು, ಹುಡುಗ ನೋಡಲು ಲಕ್ಷಣವಾಗಿದ್ದ. ಹಿಂದಿನ ವಾರ ತಾಯಿಯನ್ನು ಕರೆದುಕೊಂಡು ಹೆಣ್ಣು ನೋಡಲು ಬಂದಿದ್ದ. ಸುಮಾ ಕಾಫಿ ತಟ್ಟೆ ಹಿಡಿದು ಹೋದಳು, ಅವಳ ಹಿಂದೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಾನು. ಆಗ ಹುಡುಗ ನೊಣ ಓಡಿಸಲು ಫಕ್ಕನೆ ಕೈ ಎತ್ತಿದ. ಪಕ್ಕದಲ್ಲಿ ಕೂತಿದ್ದ ಅವನ ತಾಯಿ ತಲೆ ತಗ್ಗಿಸಿ, ಕೆನ್ನೆಗೆ ಕೈ ಅಡ್ಡ ಹಿಡಿದರು. ಒಂದು ಕ್ಷಣ ಅಷ್ಟೆ. ಕೂಡಲೇ ನಕ್ಕು ಸೆರಗು ಸರಿಮಾಡಿಕೊಂಡರು. ಹುಡುಗ ಅವರತ್ತ ತಿರುಗಿಯೂ ನೋಡಲಿಲ್ಲ.

ಅದನ್ನು ಕಂಡವರು ನಾವಿಬ್ಬರೇ. ರಾತ್ರಿ ಪಾತ್ರೆ ಒರೆಸುವಾಗ ಸುಮಾ, “ಅತ್ತಿಗೆ, ನೀವು ನೋಡಿದ್ರಾ?” ಎಂದಳು. ಹೂಂ ಎಂದೆ. ಮರುದಿನ ಅತ್ತೆಗೆ ಹೇಳಿದೆ. ಅವರು ಕೆಟ್ಟವರಲ್ಲ, ಮಗಳೆಂದರೆ ಜೀವ. ಆದರೆ, “ಎಂತ ಮಾರಾಯ್ತಿ, ಯಾರೋ ಬೆಚ್ಚಿಬಿದ್ರು ಅಂತ ಇಂಥ ಸಂಬಂಧ ಬಿಡ್ತಾರನಾ? ನಾಳೆ ಅವರು ಕಾರಣ ಕೇಳಿದ್ರೆ ನೊಣ ಬಂದಿತ್ತು ಅನ್ನಲಾ?” ಎಂದರು. ಯಜಮಾನರೂ ತಾಯಿಯ ಮಾತಿಗೇ ತಲೆಯಾಡಿಸಿದರು. ಸುಮಾ ಊಟ ಬಿಟ್ಟು ಕೂತಾಗ ಅತ್ತೆ ಕೊನೆಗೆ, “ಅಮ್ಮನೋರ ಹತ್ರ ಕೇಳುವ. ಬಲಕ್ಕೆ ಕೊಟ್ರೆ ನೀನು ಮತ್ತೆ ಉಸಿರೆತ್ತಬಾರ್ದು” ಎಂದರು. ಸುಮಾ ಒಪ್ಪಿದಳು. ಬೇರೆ ದಾರಿ ಏನಿತ್ತು ಅವಳಿಗೆ?

ನನಗೆ ಭಯವಾಗಿದ್ದು ಆಗಲೇ. ಭಂಡಿಗಡಿ ರಸ್ತೆಯಲ್ಲಿರುವ ಆ ಸಣ್ಣ ಗುಡಿಯನ್ನು ನಾನು ಚೆನ್ನಾಗಿ ನೋಡಿದ್ದೆ. ಒಳಗೆ ಒಂದೇ ನಂದಾದೀಪ, ಅದೂ ದೇವಿಯ ಬಲಕ್ಕೆ, ಹೆಗಲಿಗೆ ತೀರ ಹತ್ತಿರ. ದೀಪದ ಕಾವಿಗೆ ಆ ಕಡೆಯ ಹೂವು ಬೇಗ ಒಣಗುತ್ತದೆ, ಒಣಗಿದ್ದು ಮೊದಲು ಬೀಳುತ್ತದೆ. ಅಲ್ಲಿಗೆ ಹೋದವರೆಲ್ಲ ನಗುನಗುತ್ತಾ ಬರುವುದು ಅದಕ್ಕೇ ಎಂದು ನಾನು ಯಾವತ್ತೋ ತೀರ್ಮಾನ ಮಾಡಿಕೊಂಡಿದ್ದೆ. ಆಟೋದಲ್ಲಿ ಕೂತಾಗ ನನ್ನ ಪಾಲಿಗೆ ಉತ್ತರ ಮೊದಲೇ ಬಂದಾಗಿತ್ತು. ಸುಮಾಳ ಮುಖ ನೋಡಲಾಗದೆ ರಸ್ತೆ ನೋಡುತ್ತಾ ಹೋದೆ.

ಗುಡಿಯಲ್ಲಿ ನಾವು ಮೂವರು ಮತ್ತು ಭಟ್ಟರು, ಅಷ್ಟೆ. ಭಟ್ಟರು ಹಿಂದಿನ ದಿನದ ಹೂವೆಲ್ಲ ತೆಗೆದು ದೇವಿಯ ಮೈ ಒರೆಸಿದರು. ನಮ್ಮ ತಟ್ಟೆಯಿಂದ ಎರಡು ನಂದಿಬಟ್ಟಲು ತೆಗೆದು, ನೀರಲ್ಲಿ ಅದ್ದಿ, ಹೆಗಲಿಗೊಂದೊಂದು ಅಂಟಿಸಿ ಹೊರಗೆ ಬಂದು ಕೂತರು. “ತಾಯೀ, ಮಕ್ಕಳು ಕೇಳ್ತಿದಾರೆ. ಒಳ್ಳೇದಾಗೋದಿದ್ರೆ ಬಲಕ್ಕೆ ಕೊಡು, ಇಲ್ಲದಿದ್ರೆ ಎಡಕ್ಕೆ ಕೊಡು” ಎಂದು ಕಣ್ಣು ಮುಚ್ಚಿದರು.

ಗಾಳಿ ಇರಲಿಲ್ಲ. ದೀಪದ ಕುಡಿ ನೆಟ್ಟಗೆ ನಿಂತಿತ್ತು. ಎಷ್ಟೋ ಹೊತ್ತಾದ ಮೇಲೆ ಬಲಗಡೆಯ ಹೂವು ಮೆಲ್ಲಗೆ ಎದ್ದುಕೊಂಡಿತು. ನಾನು ಅಂದುಕೊಂಡಂತೆಯೇ ಒಂದೊಂದೇ ಎಸಳು ಬಿಟ್ಟುಕೊಂಡು, ಕೊನೆಗೆ ಒಂದೇ ಎಸಳಿನ ಮೇಲೆ ಜೋತುಬಿತ್ತು. ಅತ್ತೆ “ಅಮ್ಮಾ, ಅಮ್ಮಾ” ಎನ್ನುತ್ತಿದ್ದರು. ಸುಮಾ ನನ್ನ ಬೆರಳುಗಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಂಗುರ ಒತ್ತಿ ನೋವಾಯಿತು.

ಆಗ ಎಡಗಡೆಯ ಹೂವು ಬಿತ್ತು. ಜಾರಿ ಬೀಳಲಿಲ್ಲ. ಯಾರೋ ಎರಡು ಬೆರಳಲ್ಲಿ ಕಿತ್ತು ಹಾಕಿದ ಹಾಗೆ ಹೆಗಲಿನಿಂದ ಸ್ವಲ್ಪ ದೂರಕ್ಕೆ ಬಿತ್ತು. ಬಿದ್ದ ಸದ್ದು ನನಗೆ ಕೇಳಿಸಿತು. ಅಷ್ಟು ಹಗುರದ ಹೂವಿಗೆ ಸದ್ದು ಇರುವುದಿಲ್ಲ, ನನಗೂ ಗೊತ್ತು. ಆದರೂ ಕೇಳಿಸಿತು. ಒದ್ದೆ ಬಟ್ಟೆ ನೆಲಕ್ಕೆ ಬಿದ್ದಂತಹ ಸದ್ದು. ಭಟ್ಟರು ಕಣ್ಣು ಬಿಟ್ಟಿದ್ದೇ ಆ ಸದ್ದಿಗೆ.

“ಎಡಕ್ಕೆ ಆಯ್ತು. ಬೇಡ ಅಂತಿದಾಳೆ” ಎಂದರು.

ಅತ್ತೆ ಸಣ್ಣ ದನಿಯಲ್ಲಿ, “ಇನ್ನೊಂದ್ಸಲ ಕೇಳ್ಬಹುದಾ ಭಟ್ರೇ?” ಎಂದರು. “ಕೊಟ್ಟ ಮೇಲೆ ಮತ್ತೆ ಕೇಳಿದ್ರೆ ಅಮ್ಮನ್ನ ನಂಬಲ್ಲ ಅಂದಂಗಾಗ್ತದೆ” ಎಂದು ಭಟ್ಟರು ಬಿದ್ದ ಹೂವನ್ನು ಬಾಳೆಲೆಯ ತುಂಡಿನ ಮೇಲೆ ತಂದು ಸುಮಾಳ ಕೈಗೆ ಕೊಟ್ಟರು. ಅದು ಇನ್ನೂ ಒದ್ದೆಯಾಗಿತ್ತು. ಅವರಿಗೆ ಶೃಂಗೇರಿ ಮಠಕ್ಕೆ ಹೋಗುವ ಅವಸರ, ವಾಪಸ್ ಬರುವುದು ಮರುದಿನವೇ. ಸರಳಿನ ಬಾಗಿಲಿಗೆ ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿ, ನಮ್ಮ ಆಟೋದಲ್ಲೇ ಕೊಪ್ಪದ ಬಸ್‌ಸ್ಟ್ಯಾಂಡಿಗೆ ಬಂದರು. ಹೊರಡುವ ಮುಂಚೆ ನಾನು ಸರಳಿನ ನಡುವೆ ಇಣುಕಿದ್ದೆ. ಎಡಹೆಗಲು ಬರಿದಾಗಿತ್ತು. ಬಲಗಡೆಯ ಹೂವು ಇನ್ನೂ ಜೋತಾಡುತ್ತಿತ್ತು.

ಮನೆಗೆ ಬಂದು ಅತ್ತೆಯೇ ಫೋನ್ ಮಾಡಿದರು. “ಅಮ್ಮನೋರ ಅಪ್ಪಣೆ ಆಗ್ಲಿಲ್ಲ, ಬೇಸರ ಮಾಡ್ಕೋಬೇಡಿ” ಎಂದರು. ಆ ಕಡೆಯವರು ಬೇರೆ ಕಾರಣ ಕೇಳದೆ ಒಪ್ಪಿಕೊಂಡರು. ಎರಡು ಹೆಂಗಸರು ಕಣ್ಣಾರೆ ಕಂಡು ಹೇಳಿದ್ದು ನಮ್ಮ ಮನೆಯಲ್ಲಿ ಕಾರಣವಾಗಲಿಲ್ಲ, ಒಂದು ಹೂವು ಬಿದ್ದದ್ದು ಕಾರಣವಾಯಿತು. ಹುಡುಗಿಯ ಹೆದರಿಕೆಗೆ ನಮ್ಮಲ್ಲಿ ಬೆಲೆಯಿಲ್ಲ, ದೇವರ ಹೆಸರಿಗೆ ಇದೆ. ಹಾಗಾದರೆ ಇಂಥ ನಂಬಿಕೆಗಳು ಇರುವುದೇ ಬಾಯಿಲ್ಲದವರಿಗಾಗಿ ಇರಬಹುದೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅದೂ ಪೂರ್ತಿ ನಿಜವಲ್ಲ. ಅದೇ ವರ್ಷ ಆ ಹುಡುಗನಿಗೆ ಬೇರೆ ಕಡೆ ಮದುವೆಯಾಯಿತು. ಆ ಹುಡುಗಿಯ ಮನೆಯವರೂ ಎಲ್ಲೋ ಪ್ರಸಾದ ಕೇಳಿರಬೇಕು. ಅವಳು ಹೇಗಿದ್ದಾಳೋ ನನಗೆ ಗೊತ್ತಿಲ್ಲ.

ಸುಮಾ ಆ ಹೂವನ್ನು ನೀರಿನ ಬಟ್ಟಲಲ್ಲಿ ತೇಲಿಬಿಟ್ಟು ಕಿಟಕಿಯಲ್ಲಿಟ್ಟು, ತಟ್ಟೆ ತುಂಬ ಅನ್ನ ಬಡಿಸಿಕೊಂಡು ಉಂಡಳು. ಅವಳು ಹಾಗೆ ಉಂಡು ಒಂದು ವಾರವಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬಲಗಡೆಯ ಹೂವು ಯಾಕೆ ತಡೆದು ನಿಂತಿತು, ಎಡಗಡೆಯದಕ್ಕೆ ನೀರು ಕಡಿಮೆಯಾಗಿತ್ತೇ ಎಂದೆಲ್ಲ ಲೆಕ್ಕ ಹಾಕಿ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವತ್ತು ಸಂಜೆ ಕೇಳಿದ ಮಾತಿಗೆ ಮಾತ್ರ ನನ್ನ ಬಳಿ ಇವತ್ತಿಗೂ ಯಾವ ಲೆಕ್ಕವೂ ಇಲ್ಲ. ಅದನ್ನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ಹೇಳಿದ್ದರೆ ಅತ್ತೆ ಮರುದಿನವೇ ಇನ್ನೊಮ್ಮೆ ಕೇಳಲು ಹೊರಡುತ್ತಿದ್ದರು. ಸುಮಾಳನ್ನು ಎರಡನೇ ಸಲ ಆ ಬಾಗಿಲಲ್ಲಿ ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ಪಕ್ಕದ ಮನೆಯ ಶಾರದಕ್ಕ ಪ್ರತಿ ಶುಕ್ರವಾರ ಸಂಜೆ ಆ ಗುಡಿಗೆ ಹೋಗಿ ಹೊರಗಿನ ದೀಪ ಹಚ್ಚಿ ಬರುತ್ತಿದ್ದರು. ಅವತ್ತೂ ಎಣ್ಣೆ ಗಿಂಡಿ ಹಿಡಿದು ವಾಪಸ್ ಬಂದರು. ನಾನು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೇಲಿಯ ಆಚೆಯಿಂದ, ನಡೆಯುವುದನ್ನೂ ನಿಲ್ಲಿಸದೆ ಹೇಳಿದರು:

“ಎಂತ ಮಾರಾಯ್ರೆ, ನಿಮ್ದು ಪ್ರಸಾದ ಆಗ್ಲೇ ಇಲ್ವಾ? ಸರಳಲ್ಲಿ ನೋಡ್ದೆ, ಎರಡು ಹೂವೂ ಅಮ್ಮನ ಹೆಗಲ ಮೇಲೆ ಈಗಷ್ಟೇ ಇಟ್ಟಂಗೆ ಕೂತಿದಾವೆ. ಬೇಗ ಬಟ್ಟೆ ಒಳಗೆ ಹಾಕಿ, ಇಬ್ಬನಿ ಶುರುವಾಯ್ತು.”